ಮೈ ಕಪ್ಪಾಗಿ, ನಾಲಿಗೆ ಉಪ್ಪು ಬೇಡಿದಾಗ

"ಯಾಕವ್ವಾ, ಹಿಂಗ ಕರ್ರಗಾಗೀದಿ? ದಿನಾ ಹೊಲಕ್ಕ ಹೊಂಟೀಯೇನು?"

2023ರ ಜನವರಿಯಲ್ಲಿ ಬನದ ಹುಣ್ಣಿಮೆಯ ಹೊತ್ತಿಗೆ ಮನೆಮಂದಿಯೆಲ್ಲ ಅಂಬಾಮಠದ ಜಾತ್ರೆಗೆ ಹೋಗಿದ್ದೆವು. ಅಲ್ಲಿ ನಮ್ಮ ಬಳಗದ ಮುದುಕಿಯೊಬ್ಬಳು ನನ್ನ ನೆಗೆಣ್ಣಿಯ ಗದ್ದ ಹಿಡಿದು ಕೇಳಿದ ಮಾತಿದು. ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಆದರೆ ಅವಳು ಹೊಲಕ್ಕೆ ಹೋಗುವವಳೇ ಅಲ್ಲ. ಮನೆಯ ಹೊಸ್ತಿಲು ದಾಟುವುದೇ ಅಪರೂಪ. ಹಾಗಿದ್ದರೆ ಬಿಸಿಲಿಗೆ ಕಪ್ಪಾದದ್ದು ಹೇಗೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ!

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮೈಸೂರು ಕಡೆಯ ಸೋದರಿಯರು ಓರಗಿತ್ತಿ ಅನ್ನುತ್ತಾರೆ. ನನ್ನ ತವರು ಮಸ್ಕಿ, ಕೊಟ್ಟ ಮನೆ ಸಿಂಧನೂರು, ಅವಳ ತವರು ಲಿಂಗಸುಗೂರು. ಒಂದೇ ರಸ್ತೆಯ ಮೇಲಿನ ಮೂರು ಊರುಗಳು. 2011ರಲ್ಲಿ ಅವಳು ನಮ್ಮ ಮನೆ ತುಂಬಿದಾಗ ಒಲೆಯ ಮುಂದೆ ಕೂತು ಒಂದೇ ಉಸಿರಿಗೆ ಐವತ್ತು ರೊಟ್ಟಿ ಬಡಿಯುತ್ತಿದ್ದಳು. ಅಂಥವಳು ಹನ್ನೆರಡು ವರ್ಷದ ಮೇಲೆ ಹತ್ತು ರೊಟ್ಟಿ ಬಡಿದು ಗೋಡೆಗೆ ಒರಗಿ ಕೂಡುವಂತಾದಳು.

"ಅಕ್ಕಾರ, ಕೈಕಾಲಾಗ ಶಕ್ತಿನ ಇಲ್ರಿ" ಅನ್ನುತ್ತಿದ್ದಳು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆಗ ನಾನು ಅವಳನ್ನು ಮೈಗಳ್ಳಿ ಅಂದುಕೊಂಡೆ. ಒಂದೆರಡು ಸಲ ಬಾಯಿ ಬಿಟ್ಟು ಅಂದದ್ದೂ ಉಂಟು. ಈ ಲೇಖನ ಬರೆಯಲು ಕೂತದ್ದಕ್ಕೆ ಅದೇ ಮೊದಲ ಕಾರಣ.

ನಮ್ಮ ಕಣ್ಣ ಮುಂದೆಯೇ ಇದ್ದ ಲಕ್ಷಣಗಳು

ಈಗ ಹಿಂದಿರುಗಿ ನೋಡಿದರೆ ಒಂದೊಂದೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಬಂದದ್ದು ಆಯಾಸ. ರಾತ್ರಿಯಿಡೀ ಮಲಗಿ ಎದ್ದರೂ ಹೋಗದ ಆಯಾಸ. ಆಮೇಲೆ ಊಟ ಸೇರದಾಯಿತು. ಕುಪ್ಪಸಗಳು ಸಡಿಲವಾದವು. ಕೂತವಳು ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದಳು. ಆಗಾಗ ಹೊಟ್ಟೆ ತೊಳಸುವುದು, ವಾಂತಿ.

ಇದರ ಜೊತೆಗೆ ಉಪ್ಪಿನ ಹುಚ್ಚು. ಮಜ್ಜಿಗೆಗೆ ಎರಡು ಸಲ ಉಪ್ಪು ಹಾಕಿಕೊಳ್ಳುವಳು. ಉಪ್ಪಿನಕಾಯಿಯ ಹೋಳು ಬಿಟ್ಟು ಅದರ ರಸವನ್ನೇ ನೆಕ್ಕುವಳು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಡಬ್ಬಿಯಿಂದ ಹರಳುಪ್ಪು ತೆಗೆದು ಬಾಯಿಗೆ ಹಾಕಿಕೊಳ್ಳುವುದನ್ನು ನಾನೇ ನೋಡಿದ್ದೆ. ಅತ್ತೆಯವರು "ಬಯಕಿ ಇರಬೇಕು" ಎಂದು ಸಂತೋಷಪಟ್ಟರು. ಪರೀಕ್ಷೆ ಮಾಡಿಸಿದರೆ ಗರ್ಭ ನಿಂತಿರಲಿಲ್ಲ. ಪಾಪ, ಆ ನಿರಾಶೆಯ ಮಾತುಗಳನ್ನೂ ಅವಳೇ ಕೇಳಬೇಕಾಯಿತು.

ಇನ್ನು ಬಣ್ಣದ ಸಂಗತಿ. ಬರೀ ಮುಖ ಕಪ್ಪಾಗಿದ್ದರೆ ಬಿಸಿಲು ಅನ್ನಬಹುದಿತ್ತು. ಅಂಗೈಯ ಗೆರೆಗಳು ಕಾಡಿಗೆ ತೀಡಿದಂತೆ ಕಪ್ಪಾಗಿದ್ದವು. ಬೆರಳಿನ ಗೆಣ್ಣು, ಮೊಣಕೈ, ಸೀರೆಯ ಗಂಟು ಒತ್ತುವ ಸೊಂಟದ ಸುತ್ತ, ಹಳೆಯ ಸುಟ್ಟ ಗಾಯದ ಕಲೆ, ಎಲ್ಲವೂ ಕಪ್ಪು. ಬಿಸಿಲು ಬೀಳದ ಕಡೆಯೂ ಕಪ್ಪು! ನಾನು ಮಾಡಿದ್ದೇನು? ಕಡಲೆಹಿಟ್ಟಿಗೆ ಅರಿಶಿನ, ಮೊಸರು ಕಲಸಿ ಹಚ್ಚಿಕೋ ಎಂದು ಸಲಹೆ ಕೊಟ್ಟೆ. ಮೈದುನ ಔಷಧದ ಅಂಗಡಿಯಿಂದ ಬೆಳ್ಳಗಾಗುವ ಮುಲಾಮು ತಂದುಕೊಟ್ಟ.

ವೈದ್ಯರಿಗೆ ತೋರಿಸಲಿಲ್ಲ ಅಂತಲ್ಲ. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬಂತು. ನಿಶ್ಶಕ್ತಿ ಎಂದು ಒಂದು ಬಾಟಲಿ ಸಲೈನ್ ಏರಿಸಿದರೆ ಎರಡು ದಿನ ಗೆಲುವಾಗಿರುತ್ತಿದ್ದಳು, ಮತ್ತೆ ಸೊರಗುತ್ತಿದ್ದಳು. ಸಲೈನ್ ಅಂದರೆ ಉಪ್ಪುನೀರು. ಆ ಉಪ್ಪೇ ಅವಳನ್ನು ಎರಡೆರಡು ದಿನ ಎತ್ತಿ ನಿಲ್ಲಿಸುತ್ತಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ಮೇ ತಿಂಗಳ ಆ ರಾತ್ರಿ

ನಮ್ಮ ರಾಯಚೂರು ಜಿಲ್ಲೆಯ ಮೇ ತಿಂಗಳ ಬಿಸಿಲನ್ನು ಹೊರಗಿನವರಿಗೆ ವರ್ಣಿಸುವುದು ಕಷ್ಟ. ನಾಲೆಯ ನೀರಿನಿಂದ ಹಸಿರಾಗಿದ್ದ ಗದ್ದೆಗಳೆಲ್ಲ ಕುಯಿಲಾಗಿ ಬರೀ ಕೂಳೆ ಉಳಿದಿರುತ್ತದೆ. ಕೂತಲ್ಲೇ ಬೆವರು ಹರಿಯುತ್ತದೆ. 2023ರ ಮೇ ತಿಂಗಳಲ್ಲಿ ಮನೆಯಲ್ಲಿ ನಾಲ್ಕು ಜನರಿಗೆ ವಾಂತಿಭೇದಿ ಹಿಡಿಯಿತು. ಮೂವರು ನಿಂಬೆಹಣ್ಣಿನ ಪಾನಕ, ಗಂಜಿ ಕುಡಿದು ಎರಡೇ ದಿನಕ್ಕೆ ಎದ್ದರು. ನಾಲ್ಕನೆಯವಳು ನನ್ನ ನೆಗೆಣ್ಣಿ, ಏಳಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಮಾತು ತೊದಲತೊಡಗಿತು. ಕೈ ಮುಟ್ಟಿದರೆ ತಣ್ಣಗೆ.

ಗಾಡಿ ಮಾಡಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಓಡಿದೆವು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದವರು ಚಿಕ್ಕ ವಯಸ್ಸಿನ ವೈದ್ಯೆ. ರಕ್ತದೊತ್ತಡ ನೋಡಿದರು, ತೀರಾ ಕಡಿಮೆ. ಆಮೇಲೆ ದೀಪ ಹಿಡಿದು "ಬಾಯಿ ತೆಗೆಯಮ್ಮಾ" ಅಂದರು. ವಸಡಿನ ಮೇಲೆ, ಕೆನ್ನೆಯ ಒಳಭಾಗದಲ್ಲಿ ನೇರಳೆಹಣ್ಣು ತಿಂದಂತೆ ಕಪ್ಪು ಮಚ್ಚೆಗಳು. ಅಂಗೈ ಬಿಡಿಸಿ ನೋಡಿದರು. ನನ್ನ ಕಡೆ ತಿರುಗಿ, "ಇವರು ಮೊದಲಿನಿಂದಲೂ ಈ ಬಣ್ಣವೇ?" ಎಂದು ಕೇಳಿದರು.

"ಇಲ್ರೀ ಡಾಕ್ಟರ, ಒಂದು ವರ್ಷದಿಂದ" ಅಂದೆ.

"ಉಪ್ಪು ಜಾಸ್ತಿ ತಿಂತಾರಾ?"

ನನಗೆ ಮೈ ಜುಮ್ಮೆಂದಿತು. ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಕೂಡಲೇ ಎರಡು ಮೂರು ಸಣ್ಣ ಕೊಳವೆಗಳಲ್ಲಿ ರಕ್ತ ತೆಗೆದರು. ವರದಿಗಾಗಿ ಕಾಯಲಿಲ್ಲ. 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟು ಸಲೈನ್ ಹಚ್ಚಿದರು. ಬೆಳಗಿನ ಜಾವಕ್ಕೆ ಅವಳು ಕಣ್ಣು ಬಿಟ್ಟು "ಅಕ್ಕಾರ, ಚಾ ಕುಡೀಬೇಕು ಅನಸ್ತೈತಿ" ಅಂದಳು. ತಿಂಗಳುಗಟ್ಟಲೆ ಅವಳ ಬಾಯಿಂದ ಏನಾದರೂ ಬೇಕು ಅನ್ನುವ ಮಾತು ಕೇಳಿರಲಿಲ್ಲ. ನಾನು ಹೊರಗೆ ಬಂದು ಅತ್ತುಬಿಟ್ಟೆ.

ಬಚ್ಚಿಟ್ಟ ಒಂದು ಮಾತು

ಮಾರನೆಯ ದಿನ ದೊಡ್ಡ ಡಾಕ್ಟರು ಬಂದು ವಿಚಾರಿಸಿದರು. "ಹಿಂದೆ ಯಾವಾಗಾದರೂ ಕ್ಷಯ ಆಗಿತ್ತೇ? ಟಿ.ಬಿ. ಗುಳಿಗೆ ತಗೊಂಡಿದ್ದಿರಾ?" ಅತ್ತೆ ಪಕ್ಕದಲ್ಲೇ ನಿಂತಿದ್ದರು. ನೆಗೆಣ್ಣಿ ಇಲ್ಲ ಎಂದು ತಲೆ ಆಡಿಸಿದಳು.

ಅಂದು ರಾತ್ರಿ ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ. ದೀಪ ಆರಿಸಿದ ಮೇಲೆ ಅವಳು ನನ್ನ ಸೆರಗು ಹಿಡಿದು ಎಳೆದಳು.

"ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಲಗ್ನದಕಿಂತ ಮೊದಲ ನನಗ ಆ ಬ್ಯಾನಿ ಆಗಿತ್ರಿ. ಗುಳಿಗಿ ಪೂರಾ ನುಂಗೀನಿ. ನಮ್ಮವ್ವ ಆಣಿ ಹಾಕಿಸಿಕೊಂಡಾಳ, ಹೇಳಬ್ಯಾಡ ಅಂತ."

2009ರಲ್ಲಿ ಅವಳಿಗೆ ಶ್ವಾಸಕೋಶದ ಕ್ಷಯವಾಗಿ, ಲಿಂಗಸುಗೂರಿನಲ್ಲಿ ಆರು ತಿಂಗಳು ಔಷಧಿ ತೆಗೆದುಕೊಂಡು ಗುಣವಾಗಿತ್ತು. ಹೆಣ್ಣು ಹೆತ್ತವರ ಭಯ ನಮಗೆ ತಿಳಿಯದ್ದೇನಲ್ಲ. ಕ್ಷಯ ಆಗಿತ್ತು ಎಂದು ಗೊತ್ತಾದರೆ ಗಂಡು ಸಿಗುವುದು ಕಷ್ಟ. ತಾಯಿ ಮುಚ್ಚಿಟ್ಟಳು. ಮಗಳು ಹದಿನಾಲ್ಕು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಬಾಳಿದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವಳ ಮಾತು ಉಳಿಸಲೇ, ಅವಳನ್ನು ಉಳಿಸಲೇ? ಬೆಳಗ್ಗೆ ಅವಳನ್ನೇ ಒಪ್ಪಿಸಿದೆ. "ಮನಿಯವರಿಗೆ ಹೇಳೋದು ಬಿಡೋದು ನಿನ್ನ ಇಚ್ಛಾ. ಡಾಕ್ಟರಿಗೆ ಮಾತ್ರ ಹೇಳಲೇಬೇಕು ತಂಗಿ" ಅಂದೆ. ತಲೆಯಾಡಿಸಿದಳು. ಡಾಕ್ಟರು ಕೇಳಿ ಗದರಲಿಲ್ಲ. "ನಮಗೆ ಅರ್ಧ ದಾರಿ ಸವೆದಂತಾಯಿತು" ಅಂದರು.

ಈ ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ?

ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಾನು ಕೇಳಿ ಕೇಳಿ ಬರೆದುಕೊಂಡದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಹೇಳುತ್ತೇನೆ.

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಟೊಪ್ಪಿಗೆಯಂತೆ ಕೂತಿರುವುದೇ ಅಡ್ರಿನಲ್ ಗ್ರಂಥಿ. ಒಂದೊಂದರ ತೂಕ ನಾಲ್ಕೈದು ಗ್ರಾಂ, ಅಷ್ಟೆ. ಇದರ ಹೊರಪದರದಿಂದ ಮುಖ್ಯವಾಗಿ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಒಂದು ಕಾರ್ಟಿಸಾಲ್. ಜ್ವರ, ಪೆಟ್ಟು, ಉಪವಾಸ, ದುಃಖ, ಏನೇ ಕಷ್ಟ ಬಂದರೂ ದೇಹವನ್ನು ಎತ್ತಿ ನಿಲ್ಲಿಸುವುದು ಇದೇ. ರಕ್ತದಲ್ಲಿ ಸಕ್ಕರೆ ಇಳಿಯದಂತೆ, ಒತ್ತಡ ಕುಸಿಯದಂತೆ ಕಾಯುತ್ತದೆ. ಇನ್ನೊಂದು ಆಲ್ಡೋಸ್ಟಿರೋನ್. ಇದು ಉಪ್ಪಿನ ಕಾವಲುಗಾರ. ಮೂತ್ರದಲ್ಲಿ ಉಪ್ಪು ವ್ಯರ್ಥವಾಗಿ ಹರಿದುಹೋಗದಂತೆ ತಡೆಯುತ್ತದೆ. ಈ ಕಾವಲು ತಪ್ಪಿದರೆ ತಿಂದ ಉಪ್ಪೆಲ್ಲ ಹರಿದುಹೋಗುತ್ತದೆ. ನಾಲಿಗೆ ಉಪ್ಪು ಬೇಡುವುದು ಅದಕ್ಕೇ. ಅದು ಚಪಲವಲ್ಲ, ದೇಹದ ಕೂಗು.

ಈ ಗ್ರಂಥಿಗೂ ಒಬ್ಬ ಯಜಮಾನನಿದ್ದಾನೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಎ.ಸಿ.ಟಿ.ಎಚ್. ಎಂಬ ಆಜ್ಞೆಯನ್ನು ರಕ್ತದ ಮೂಲಕ ಕಳಿಸುತ್ತದೆ, ಅದನ್ನು ಕೇಳಿ ಅಡ್ರಿನಲ್ ಕೆಲಸ ಮಾಡುತ್ತದೆ. ಅಡ್ರಿನಲ್ ಹಾಳಾಗಿ ಉತ್ತರ ಕೊಡದಿದ್ದರೆ ಯಜಮಾನ ಸುಮ್ಮನಿರುವನೇ? ಮತ್ತೆ ಮತ್ತೆ ಕೂಗುತ್ತಾನೆ. ಎ.ಸಿ.ಟಿ.ಎಚ್. ವಿಪರೀತ ಏರುತ್ತದೆ. ಈ ರಸವೇ ಚರ್ಮದ ಬಣ್ಣದ ಕಣಗಳನ್ನೂ ಕೆಣಕುತ್ತದೆ. ಮೈ ಕಪ್ಪಾಗುವ ಗುಟ್ಟು ಇದು.

ಮಸ್ಕಿಯ ಮಗಳಾದ ನನಗೆ ಒಂದು ಮಾತು ನೆನಪಾಗುತ್ತದೆ. ದೇಶದ ಎಷ್ಟೋ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಎಂಬ ರಾಜನ ಶಾಸನಗಳಿದ್ದವು. ಆದರೆ ಆ ರಾಜ ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ನಮ್ಮೂರಿನ ಬಂಡೆಯ ಮೇಲೆ ಅವನ ಹೆಸರು ಸಿಕ್ಕಾಗ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಲಕ್ಷಣಗಳೆಲ್ಲ ಕಣ್ಣೆದುರಿಗೇ ಇದ್ದವು, ಹೆಸರೊಂದೇ ಗೊತ್ತಿರಲಿಲ್ಲ. ಆ ಹೆಸರು ಅಡಿಸನ್ ಕಾಯಿಲೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಎಂಬ ವೈದ್ಯರು 1855ರಲ್ಲಿ ಹನ್ನೊಂದು ರೋಗಿಗಳನ್ನು ವರ್ಣಿಸಿ ಇದನ್ನು ಲೋಕಕ್ಕೆ ತಿಳಿಸಿದರು.

ಕಾರಣಗಳು ಹಲವು

ಮೊದಲನೆಯದು, ಅಡ್ರಿನಲ್ ಗ್ರಂಥಿಯೇ ಹಾಳಾಗುವುದು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ, ದೇಹದ ರಕ್ಷಣಾಶಕ್ತಿ ತನ್ನ ಗ್ರಂಥಿಯ ಮೇಲೆ ತಾನೇ ತಿರುಗಿಬೀಳುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ನಮ್ಮ ದೇಶದಲ್ಲಿ ಇದರ ಜೊತೆಗೆ ಕ್ಷಯವೂ ದೊಡ್ಡ ಕಾರಣ. ಕ್ಷಯದ ಕ್ರಿಮಿ ಶ್ವಾಸಕೋಶದಿಂದ ರಕ್ತದಲ್ಲಿ ಸಾಗಿ ಈ ಗ್ರಂಥಿಯಲ್ಲಿ ಅಡಗಿ ಕೂರಬಹುದು. ಗ್ರಂಥಿಯ ಬಹುಭಾಗ ನಾಶವಾಗುವವರೆಗೆ ಏನೂ ತಿಳಿಯುವುದಿಲ್ಲ. ಕ್ಷಯ ವಾಸಿಯಾಗಿ ವರ್ಷಗಳ ಮೇಲೂ ಇದು ತಲೆಯೆತ್ತುವುದುಂಟು. ಕೆಲವು ಶಿಲೀಂಧ್ರಗಳ ಸೋಂಕು, ಗ್ರಂಥಿಯೊಳಗೆ ರಕ್ತಸ್ರಾವ, ಬೇರೆ ಕಡೆಯ ಕ್ಯಾನ್ಸರ್ ಇಲ್ಲಿಗೆ ಹರಡುವುದು, ಇವೂ ಕಾರಣಗಳೇ. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಈ ರಸ ತಯಾರಾಗುವುದಿಲ್ಲ. ಎಳೆಗೂಸು ಹುಟ್ಟಿದ ಒಂದೆರಡು ವಾರಕ್ಕೆ ವಾಂತಿ ಮಾಡಿಕೊಂಡು, ಹಾಲು ಕುಡಿಯದೆ ಬಾಡಿದರೆ ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು, ಯಜಮಾನ ಗ್ರಂಥಿ ಪಿಟ್ಯುಟರಿಯೇ ಕೆಡುವುದು. ನಾವು ಹೆಂಗಸರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಈ ಗ್ರಂಥಿಗೆ ರಕ್ತ ಸಾಲದೆ ಅದು ಬತ್ತಿಹೋಗಬಹುದು. 1937ರಲ್ಲಿ ಶೀಹನ್ ಎಂಬ ವೈದ್ಯರು ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಿಂದಲೇ ಕರೆಯುತ್ತಾರೆ. ಎದೆಹಾಲು ಬಾರದಿರುವುದು, ಮುಟ್ಟು ಮರಳದಿರುವುದು, ಕಂಕುಳ ಕೂದಲು ಉದುರುವುದು, ಸದಾ ಸುಸ್ತು ಇದರ ಗುರುತು. ಇಲ್ಲಿ ಮೈ ಕಪ್ಪಾಗುವುದಿಲ್ಲ, ಬಿಳಿಚಿಕೊಳ್ಳುತ್ತದೆ. ಎಷ್ಟೋ ವರ್ಷ ಬಾಣಂತಿ ನಂಜು ಎಂದುಕೊಂಡು ನರಳುವವರಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದದ್ದು, ನಾವೇ ಕೈಯಾರೆ ತಂದುಕೊಳ್ಳುವಂಥದು. ಕೀಲುನೋವು, ಉಬ್ಬಸ, ತುರಿಕೆಗೆ ಸ್ಟೆರಾಯ್ಡ್ ಗುಳಿಗೆ ಉಂಟು. ವೈದ್ಯರು ಅಳೆದು ಕೊಟ್ಟರೆ ಅದು ಅಮೃತ. ಆದರೆ ಹೆಸರಿಲ್ಲದ ಪುಡಿ, ಪೊಟ್ಟಣದ ಗುಳಿಗೆಗಳಲ್ಲಿ ಇದನ್ನೇ ಬೆರೆಸಿ ಕೊಡುವುದುಂಟು. ನಾಟಿ ಹಚ್ಚಿ ಸೊಂಟ ಹಿಡಿದ ಕೂಲಿ ಹೆಂಗಸು ಒಂದು ಗುಳಿಗೆಗೆ ನೋವು ಮಾಯವಾಯಿತೆಂದು ತಿಂಗಳುಗಟ್ಟಲೆ ನುಂಗುತ್ತಾಳೆ. ಹೊರಗಿನಿಂದ ಬಿಟ್ಟಿ ಸಿಗುವಾಗ ದೇಹ ತನ್ನ ಸ್ವಂತ ಕಾರ್ಟಿಸಾಲ್ ತಯಾರಿಕೆ ನಿಲ್ಲಿಸುತ್ತದೆ. ಒಂದು ದಿನ ಗುಳಿಗೆ ಥಟ್ಟನೆ ನಿಂತರೆ ಎರಡೂ ಇಲ್ಲದೆ ಕುಸಿಯುತ್ತಾಳೆ. ಮುಖ ಬೆಳ್ಳಗಾಗಲು ಹಚ್ಚುವ ಎಷ್ಟೋ ಮುಲಾಮುಗಳಲ್ಲೂ ಬಲವಾದ ಸ್ಟೆರಾಯ್ಡ್ ಇರುತ್ತದೆ. ಮೈತುಂಬ, ಬಹುಕಾಲ ಹಚ್ಚಿದರೆ ಅದೂ ಇದೇ ಕೇಡು ಮಾಡಬಲ್ಲದು. ನಮ್ಮ ಮನೆಗೆ ಬಂದ ಮುಲಾಮನ್ನು ನಾನು ತಿಪ್ಪೆಗೆ ಎಸೆದೆ.

ಪ್ರಯೋಗಾಲಯದಲ್ಲಿ ಏನೇನು ನೋಡುತ್ತಾರೆ?

ಮೊದಲ ಸುಳಿವು ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸಿಗುತ್ತದೆ. ರಕ್ತದಲ್ಲಿ ಸೋಡಿಯಂ 135ರಿಂದ 145ರೊಳಗೆ ಇರಬೇಕು. ಪೊಟಾಸಿಯಂ 3.5ರಿಂದ 5ರ ಆಸುಪಾಸಿನಲ್ಲಿರಬೇಕು. ನನ್ನ ನೆಗೆಣ್ಣಿಗೆ ಸೋಡಿಯಂ 121ಕ್ಕೆ ಇಳಿದಿತ್ತು, ಪೊಟಾಸಿಯಂ 6ಕ್ಕೆ ಏರಿತ್ತು. ಸಕ್ಕರೆಯೂ ಕೆಳಗಿತ್ತು. ಆದರೆ ಎಲ್ಲರಲ್ಲೂ ಹೀಗೇ ಇರಬೇಕೆಂದಿಲ್ಲ. ಪಿಟ್ಯುಟರಿ ಕೆಟ್ಟವರಲ್ಲಿ ಪೊಟಾಸಿಯಂ ಸರಿಯಾಗಿಯೇ ಇರುತ್ತದೆ.

ಎರಡನೆಯದು ಬೆಳಗಿನ ಕಾರ್ಟಿಸಾಲ್. ಈ ರಸ ದಿನವಿಡೀ ಒಂದೇ ಸಮ ಇರುವುದಿಲ್ಲ. ಬೆಳಗ್ಗೆ ಏಳುವ ಹೊತ್ತಿಗೆ ತುಂಬಿ ಹರಿಯುತ್ತದೆ, ನಡುರಾತ್ರಿ ಬತ್ತುತ್ತದೆ. ಆದ್ದರಿಂದ ಬೆಳಗ್ಗೆ 8 ಗಂಟೆಯ ಸುಮಾರಿಗೆ ರಕ್ತ ಕೊಡಬೇಕು. ಮನೆಗೆಲಸ ಮುಗಿಸಿ ಮಧ್ಯಾಹ್ನ ಹೋದರಾಯಿತು ಅನ್ನುವಂತಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 3 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಕೊರತೆ ಬಹುಮಟ್ಟಿಗೆ ಖಚಿತ. 15ರಿಂದ 18ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ನಡುವೆ ಇದ್ದರೆ ಮುಂದಿನ ಪರೀಕ್ಷೆ ಬೇಕು. ಒಂದೊಂದು ಪ್ರಯೋಗಾಲಯದ ಅಳತೆ ಸ್ವಲ್ಪ ಬೇರೆಯಾಗಬಹುದು, ಹಾಗಾಗಿ ವರದಿ ಹಿಡಿದು ನಾವೇ ತೀರ್ಮಾನ ಮಾಡಬಾರದು.

ಮೂರನೆಯದು ಎ.ಸಿ.ಟಿ.ಎಚ್. ಪರೀಕ್ಷೆ. ಈ ರಸ ಬಲು ನಾಜೂಕು. ರಕ್ತ ತೆಗೆದ ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಇಲ್ಲವಾದರೆ ಒಡೆದುಹೋಗಿ ಸುಳ್ಳು ಲೆಕ್ಕ ಬರುತ್ತದೆ. ಕಾರ್ಟಿಸಾಲ್ ಕಡಿಮೆ, ಎ.ಸಿ.ಟಿ.ಎಚ್. ಬಹಳ ಹೆಚ್ಚು ಇದ್ದರೆ ಅಡ್ರಿನಲ್ ಕೆಟ್ಟಿದೆ ಎಂದರ್ಥ. ಎರಡೂ ಕಡಿಮೆ ಇದ್ದರೆ ದೋಷ ಪಿಟ್ಯುಟರಿಯದು, ಇಲ್ಲವೇ ಸ್ಟೆರಾಯ್ಡ್ ಗುಳಿಗೆಯದು.

ನಾಲ್ಕನೆಯದು ಪ್ರಚೋದನೆಯ ಪರೀಕ್ಷೆ. ಮಲಗಿದ ಆಳನ್ನು ತಟ್ಟಿ ಎಬ್ಬಿಸಿ ನೋಡಿದಂತೆ! 250 ಮೈಕ್ರೋಗ್ರಾಂ ಸಿನ್ಯಾಕ್ಥೆನ್, ಅಂದರೆ ಕೃತಕ ಎ.ಸಿ.ಟಿ.ಎಚ್. ಚುಚ್ಚಿ, ಅದಕ್ಕೆ ಮೊದಲು ಮತ್ತು ಅರ್ಧ ಗಂಟೆ, ಒಂದು ಗಂಟೆಯ ಮೇಲೆ ಕಾರ್ಟಿಸಾಲ್ ಅಳೆಯುತ್ತಾರೆ. ಗ್ರಂಥಿ ಆರೋಗ್ಯವಾಗಿದ್ದರೆ ಲೆಕ್ಕ 18ರ ಸುಮಾರಿಗೆ, ಹೊಸ ಬಗೆಯ ಅಳತೆಗಳಲ್ಲಿ 14–15ಕ್ಕಿಂತ ಮೇಲೆ ಏರುತ್ತದೆ. ಆ ಮದ್ದು ಸಿಗದ ಕಡೆ ನಮ್ಮ ದೇಶದಲ್ಲಿ ಬೇರೊಂದು ಬಗೆಯ ಎ.ಸಿ.ಟಿ.ಎಚ್. ಚುಚ್ಚುಮದ್ದನ್ನೂ ಬಳಸುತ್ತಾರೆ. ನನ್ನ ನೆಗೆಣ್ಣಿಗೆ ಇದು ಬೇಕಾಗಲಿಲ್ಲ. ಆ ರಾತ್ರಿ ತೆಗೆದ ರಕ್ತದಲ್ಲೇ ಕಾರ್ಟಿಸಾಲ್ 1.8, ಎ.ಸಿ.ಟಿ.ಎಚ್. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟು ದೊಡ್ಡ ಕಷ್ಟದಲ್ಲೂ ಏರದ ಕಾರ್ಟಿಸಾಲ್ ಇನ್ನು ಯಾವಾಗ ಏರೀತು?

ಕೊನೆಯದು ಕಾರಣ ಹುಡುಕುವುದು. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿ ಗ್ರಂಥಿ ಊದಿದೆಯೇ, ಸೊರಗಿದೆಯೇ, ಸುಣ್ಣ ಕಟ್ಟಿದೆಯೇ ನೋಡುತ್ತಾರೆ. ಕಫ ಪರೀಕ್ಷೆ, ಎದೆಯ ಎಕ್ಸ್‌ರೇ, ಗ್ರಂಥಿಯ ವಿರುದ್ಧದ ಪ್ರತಿಕಾಯಗಳ ಪರೀಕ್ಷೆಯೂ ಉಂಟು. ಅವಳ ಎರಡೂ ಗ್ರಂಥಿಗಳು ಮುರುಟಿ, ಸುಣ್ಣ ಕಟ್ಟಿಕೊಂಡಿದ್ದವು. ಹಳೆಯ ಕ್ಷಯದ ಗುರುತು. ಅವಳ ಗುಟ್ಟಿಗೆ ಸ್ಕ್ಯಾನ್ ಸಾಕ್ಷಿ ಹೇಳಿತು. ಸದ್ಯಕ್ಕೆ ಕ್ಷಯ ಇಲ್ಲವೆಂದೂ ತಿಳಿಯಿತು.

ಪರೀಕ್ಷೆಗೆ ಹೋಗುವ ಮುನ್ನ ನೀವು ತೆಗೆದುಕೊಳ್ಳುವ ಗುಳಿಗೆ, ಮುಲಾಮು, ಎಳೆಯುವ ಉಬ್ಬಸದ ಔಷಧಿ ಎಲ್ಲವನ್ನೂ ವೈದ್ಯರಿಗೆ ಹೇಳಿ. ಗರ್ಭನಿರೋಧಕ ಗುಳಿಗೆಯಿಂದ ಕಾರ್ಟಿಸಾಲ್ ಲೆಕ್ಕ ಸುಳ್ಳೇ ಹೆಚ್ಚು ಕಾಣಬಹುದು. ಪ್ರೆಡ್ನಿಸೋಲೋನ್ ನುಂಗಿದ್ದರೂ ಲೆಕ್ಕ ತಪ್ಪಬಹುದು. ಇನ್ನೊಂದು ಮಾತು. ಸುಸ್ತು ಎಂದು ಥೈರಾಯ್ಡ್ ಗುಳಿಗೆ ಶುರುಮಾಡುವ ಮುನ್ನ ಈ ಕೊರತೆ ಇದ್ದರೆ ಅದನ್ನು ಮೊದಲು ಸರಿಪಡಿಸಬೇಕು, ಇಲ್ಲವಾದರೆ ಅಪಾಯ.

ಚಿಕಿತ್ಸೆ ಮತ್ತು ದಿನದ ಬಾಳು

ಇಲ್ಲದ ರಸವನ್ನು ಗುಳಿಗೆಯಾಗಿ ಕೊಡುವುದೇ ಚಿಕಿತ್ಸೆ. ಕಾರ್ಟಿಸೋನಿನ ಸಂಶೋಧನೆಗಾಗಿ ಕೆಂಡಲ್, ಹೆಂಚ್, ರೈಖ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ಅದಕ್ಕೂ ಮೊದಲು ಈ ರೋಗ ಬಂದವರು ಬದುಕುವ ಆಸೆ ಬಿಡಬೇಕಿತ್ತು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರಿಗೂ 1947ರಲ್ಲಿ ಲಂಡನ್ನಿನಲ್ಲಿ ಇದೇ ಕಾಯಿಲೆ ಎಂದು ಗೊತ್ತಾಗಿತ್ತು. ಗುಳಿಗೆ ನುಂಗಿಕೊಂಡೇ ಅವರು ದೇಶ ಆಳಿದರು. ಅವರೂ ಅದನ್ನು ಲೋಕದಿಂದ ಮುಚ್ಚಿಟ್ಟಿದ್ದರು ನೋಡಿ!

ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನನ್ನು ಎರಡು ಮೂರು ಸಲಕ್ಕೆ ಹಂಚಿ ಕೊಡುತ್ತಾರೆ. ಎದ್ದ ಕೂಡಲೇ ದೊಡ್ಡ ಪಾಲು. ಉಪ್ಪಿನ ಕಾವಲಿಗೆ ಫ್ಲುಡ್ರೋಕಾರ್ಟಿಸೋನ್ ಎಂಬ ಪುಟ್ಟ ಗುಳಿಗೆ. ಅಳತೆ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ವೈದ್ಯರೇ ಗೊತ್ತುಮಾಡಬೇಕು. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಅದು ಈ ರಸವನ್ನು ಬೇಗ ಕರಗಿಸಿಬಿಡುತ್ತದೆ, ಆಗ ಅಳತೆ ಹೆಚ್ಚಿಸಬೇಕಾಗುತ್ತದೆ.

ಮನೆಯಲ್ಲಿ ಇಂಥವರಿದ್ದರೆ ಈ ಮಾತುಗಳನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿ:

— ಗುಳಿಗೆಯನ್ನು ಒಂದು ದಿನವೂ ತಪ್ಪಿಸಬಾರದು. ಏಕಾದಶಿಯಿರಲಿ, ಶ್ರಾವಣ ಸೋಮವಾರವಿರಲಿ, ರೋಜಾ ಇರಲಿ, ವೈದ್ಯರನ್ನು ಕೇಳದೆ ಉಪವಾಸ ಬೇಡ.

— ಜ್ವರ ಬಂದಾಗ ಹೈಡ್ರೋಕಾರ್ಟಿಸೋನ್ ಗುಳಿಗೆಯನ್ನು ವೈದ್ಯರು ಮೊದಲೇ ಹೇಳಿಕೊಟ್ಟಂತೆ ಇಮ್ಮಡಿ ಮಾಡಬೇಕು. ವಾಸಿಯಾದ ಮೇಲೆ ಮತ್ತೆ ಮೊದಲಿನ ಅಳತೆ.

— ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಬೇಕು. ತಡಮಾಡಿದರೆ ಜೀವಕ್ಕೇ ಕುತ್ತು.

— ಹೆರಿಗೆ, ಶಸ್ತ್ರಚಿಕಿತ್ಸೆ, ಹಲ್ಲು ಕೀಳಿಸುವುದು, ಯಾವುದಿದ್ದರೂ ಮೊದಲೇ ವೈದ್ಯರಿಗೆ ತಿಳಿಸಬೇಕು.

— ಕಾಯಿಲೆಯ ಹೆಸರು, ಗುಳಿಗೆಯ ಹೆಸರು ಬರೆದ ಚೀಟಿ ಸದಾ ಪರ್ಸಿನಲ್ಲಿರಬೇಕು. ಊರಿಗೆ ಹೊರಟರೆ ಎರಡು ವಾರದ ಗುಳಿಗೆ ಹೆಚ್ಚಿಗೆ ಇರಲಿ.

— ಬೇಸಿಗೆಯಲ್ಲಿ ಬೆವರು ಹರಿಯುವಾಗ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಧಾರಾಳವಾಗಿ ಕುಡಿಯಲಿ. ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿ ಎಂದು ಬೇರೆಯವರಿಗೆ ಹೇಳಿದ ಮಾತನ್ನು ಇವರಿಗೆ ಹೇಳಬೇಡಿ.

— ಬೇರೆ ಯಾವುದೇ ರೋಗಕ್ಕೆ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಸ್ಟೆರಾಯ್ಡ್ ಗುಳಿಗೆ ನುಂಗಿದವರು ಥಟ್ಟನೆ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಕೊನೆಗೆ ಅತ್ತೆ ಹೇಳಿದ ಮಾತು

ನೆಗೆಣ್ಣಿ ಮನೆಗೆ ಬಂದು ಒಂದು ವಾರದ ಮೇಲೆ ತಾನೇ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ನಾನು ಅಡುಗೆಮನೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮವ್ವ ನಮಗ ಹೇಳಲಿಲ್ಲಂತ ಸಿಟ್ಟು ಬಂದೈತಿ. ಆದರ ಹೇಳಿದ್ದರ ನಾ ನಿನ್ನ ತರತಿದ್ದಿಲ್ಲ, ಅದೂ ಖರೇನ" ಅಂದರು. ಎದ್ದು ಹೋಗಿ ಅವಳ ಮಜ್ಜಿಗೆ ಲೋಟ ತಂದು, ಉಪ್ಪು ಹಾಕಿ ಮುಂದಿಟ್ಟರು. ಅಷ್ಟರಲ್ಲಿ ಎಲ್ಲವೂ ಸರಿಹೋಯಿತು ಎನ್ನಲಾರೆ. ಬೀಗರ ನಡುವೆ ಒಂದೆರಡು ತಿಂಗಳು ಬಿಗುವು ಇದ್ದೇ ಇತ್ತು. ಮೈದುನ ಮಾತ್ರ ಮೊದಲ ದಿನವೇ, "ಬ್ಯಾನಿ ಯಾರಿಗೆ ಬರಂಗಿಲ್ಲ?" ಎಂದು ಮುಗಿಸಿಬಿಟ್ಟ.

ಕ್ಷಯ ಪಾಪದಿಂದ ಬರುವುದಲ್ಲ, ಔಷಧಿ ಪೂರ್ತಿ ತೆಗೆದುಕೊಂಡರೆ ವಾಸಿಯಾಗುವ ಸೋಂಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಪರೀಕ್ಷೆ, ಔಷಧಿ ಎರಡೂ ಉಚಿತ. ಮದುವೆಗೆ ಅಡ್ಡಿ ಎಂದು ನಾವು ಅದನ್ನು ಬಚ್ಚಿಡುವಂತೆ ಮಾಡಿದ್ದರಿಂದಲೇ ನನ್ನ ನೆಗೆಣ್ಣಿ ಸಾವಿನ ಬಾಗಿಲವರೆಗೆ ಹೋಗಿಬಂದಳು. ಬಚ್ಚಿಟ್ಟವಳ ತಪ್ಪು ಎಷ್ಟೋ, ಬಚ್ಚಿಡುವಂತೆ ಮಾಡಿದ ನಮ್ಮಂಥವರ ತಪ್ಪೂ ಅಷ್ಟೇ.

ಈಗ ಅವಳ ಅಂಗೈ ಗೆರೆಗಳು ತಿಳಿಯಾಗಿವೆ. ಮುಖದ ಬಣ್ಣ ಬಹುಮಟ್ಟಿಗೆ ಮೊದಲಿನಂತಾಗಿದೆ. ಬೆಳಗ್ಗೆ ಎದ್ದೊಡನೆ ಗುಳಿಗೆ ನುಂಗಿ, ಚಹಾ ಕುಡಿದು, ಒಲೆ ಹಚ್ಚುತ್ತಾಳೆ. ಐವತ್ತು ರೊಟ್ಟಿ ಬಡಿಯಲು ನಾವು ಬಿಡುವುದಿಲ್ಲ, ಇಪ್ಪತ್ತೈದು ಅವಳು, ಇಪ್ಪತ್ತೈದು ನಾನು.

ಸೋದರಿಯರೇ, ನಿಮ್ಮ ಮನೆಯಲ್ಲೂ ಸೊಸೆಯೋ ಮಗಳೋ ನಾದಿನಿಯೋ ತೂಕ ಇಳಿದು, ನಿಂತಲ್ಲಿ ಕಣ್ಣುಕತ್ತಲೆ ಬಂದು, ಬಿಸಿಲಿಗೆ ಹೋಗದೆಯೂ ಕಪ್ಪಾಗುತ್ತಿದ್ದರೆ ಅವಳ ಅಂಗೈ ಬಿಡಿಸಿ ನೋಡಿ, ಬಾಯಿ ತೆರೆಸಿ ವಸಡು ನೋಡಿ. ಮೈಗಳ್ಳಿ ಅನ್ನುವ ಮೊದಲು ಒಂದು ಬೆಳಗ್ಗೆ 8 ಗಂಟೆಗೆ ಅವಳನ್ನು ರಕ್ತಪರೀಕ್ಷೆಗೆ ಕರೆದೊಯ್ಯಿರಿ. ಆ ದಿನದ ರೊಟ್ಟಿ ಸ್ವಲ್ಪ ತಡವಾದರೆ ಆಗಲಿ.